ನಿನ್ನ ಶಿಬಿರದ ನಾಲ್ಕನೇ ದಿನದ ಬಗ್ಗೆ

ಬಂಗಾರಪೇಟೆ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಬೇಸಿಗೆ ಶಿಬಿರದ ಪಟ್ಟಿ ನೋಡಿದೆ. ‘ಪುಟಾಣಿ ಪತ್ತೇದಾರರು’ ಅನ್ನೋ ಹೆಸರು ಚೆನ್ನಾಗಿದೆ. ಕೋಲಾರದ ಮಕ್ಕಳು ಮೊಬೈಲು ಬಿಟ್ಟು ಹೊರಗೆ ಬರುತ್ತಾರೆ ಅಂದರೆ ನನಗಿಂತ ಖುಷಿ ಪಡೋರು ಯಾರು? ಆದರೆ ನಾಲ್ಕನೇ ದಿನದ್ದು ಓದಿದ ಮೇಲೆ ನಿದ್ದೆ ಬರಲಿಲ್ಲ. ‘ಮನೆಯಲ್ಲಿ ಒಬ್ಬರನ್ನು ಅವರಿಗೆ ಗೊತ್ತಾಗದ ಹಾಗೆ ಇಡೀ ದಿನ ಗಮನಿಸಿ, ವರದಿ ಬರೆದು ತನ್ನಿ’ ಅಂತ ಇದೆ. ಅದೊಂದನ್ನು ತೆಗೆದುಬಿಡು.

ನಾನು ಐದನೇ ಕ್ಲಾಸಿನಲ್ಲಿ ಲೀಡರ್ ಆಗಿದ್ದೆ. ಮೇಷ್ಟ್ರು ಹೊರಗೆ ಹೋದರೆ ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರೆಯೋ ಕೆಲಸ ನನ್ನದು. ಒಂದು ದಿನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿಯ ಹೆಸರು ಬರೆದೆ. ಅವಳು ಯಾರನ್ನೋ ಪೆನ್ಸಿಲ್ ಕೇಳಿದ್ದಳು, ಅಷ್ಟೆ. ಅಂಗೈ ಮೇಲೆ ಬೆತ್ತದ ಏಟು ಬಿತ್ತು. ಆಮೇಲೆ ಅವಳು ನನ್ನ ಮುಂದೆ ಬಾಯಿ ಬಿಡಲಿಲ್ಲ. ಬೇರೆಯವರೂ ನಾನು ಹತ್ತಿರ ಬಂದರೆ ಸುಮ್ಮನಾಗುತ್ತಿದ್ದರು. ಅದನ್ನು ನಾನು ಗೌರವ ಅಂದುಕೊಂಡಿದ್ದೆ. ಪುಟ್ಟಿ, ನನ್ನ ಹೆದರಿಕೆ ಅದೇ. ಶಹಬ್ಬಾಸ್ ಅಂದ ದೊಡ್ಡವರನ್ನು ಮಗು ನಂಬಿಬಿಡುತ್ತದೆ. ಅಜ್ಜಿ ಯಾರಿಗೆ ಫೋನ್ ಮಾಡಿ ಅತ್ತಳು, ಅಪ್ಪ ಯಾರ ಹತ್ತಿರ ಸಾಲ ಕೇಳಿದ ಅಂತ ಬರೆದು ತಂದ ಮಗುವಿನ ಪುಸ್ತಕಕ್ಕೆ ನೀನು ಸ್ಟಾರ್ ಅಂಟಿಸುತ್ತೀಯಾ?

ಆಟ ತಾನೇ ಅತ್ತೆ ಅನ್ನಬಹುದು. ಕಣ್ಣಾಮುಚ್ಚಾಲೆಯೂ ಹುಡುಕೋ ಆಟವೇ. ಆದರೆ ಅಲ್ಲಿ ಅಡಗಿಕೊಂಡವರಿಗೆ ತಮ್ಮನ್ನು ಹುಡುಕುತ್ತಿದ್ದಾರೆ ಅಂತ ಗೊತ್ತು. ಒಪ್ಪಿಕೊಂಡೇ ಆಟಕ್ಕೆ ಬಂದಿರುತ್ತಾರೆ. ಕಣ್ಣು ಮುಚ್ಚೋ ಸರದಿ ಮುಂದೆ ಅವರಿಗೂ ಬರುತ್ತದೆ. ನಿನ್ನ ನಾಲ್ಕನೇ ದಿನದಲ್ಲಿ ಇದು ಯಾವುದೂ ಇಲ್ಲ, ಅಲ್ವಾ?

ಮಕ್ಕಳ ಸುತ್ತ ಆಡೋ ಮಾತನ್ನು ದೂರದಿಂದಲೇ ಕೇಳಿಸಿಕೊಳ್ಳೋಕೆ ಆಗೋ ವಾಚ್ ಕಟ್ಟಿ ಕಳಿಸ್ತೀವಿ ಅಂತ ಕೆಲವು ತಾಯಂದಿರು ಹೇಳಿದ್ದನ್ನೂ ಬರೆದಿದ್ದೀಯ. ಬೇಡ ಅನ್ನು. ಜರ್ಮನಿಯಲ್ಲಿ 2017ರ ಫೆಬ್ರವರಿಯಲ್ಲಿ ಇಂಟರ್‌ನೆಟ್‌ಗೆ ಸೇರಿದ ಒಂದು ಮಾತಾಡೋ ಗೊಂಬೆಯನ್ನು ಕದ್ದು ಕೇಳೋ ಸಾಧನ ಅಂತಲೇ ಸರ್ಕಾರ ನಿಷೇಧಿಸಿತು. ಅದೇ ನವೆಂಬರಿನಲ್ಲಿ ಇಂಥ ವಾಚುಗಳನ್ನೂ ನಿಷೇಧಿಸಿದರು. ಕ್ಲಾಸಿನಲ್ಲಿ ಟೀಚರ್ ಏನು ಹೇಳ್ತಾರೆ ಅಂತ ತಂದೆತಾಯಿಗಳು ಅದರಿಂದ ಕೇಳಿಸಿಕೊಳ್ಳುತ್ತಿದ್ದರಂತೆ. ನಾನು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು. ತಪ್ಪು ಉತ್ತರವನ್ನು ಜೋರಾಗಿ ಹೇಳೋ ಧೈರ್ಯ ಬಂದ ಮೇಲೇ ಮಕ್ಕಳು ಲೆಕ್ಕ ಕಲಿಯೋದು. ಅಮ್ಮ ಕೇಳಿಸಿಕೊಳ್ಳುತ್ತಿದ್ದಾಳೆ ಅಂದರೆ ಯಾವ ಮಗು ಬಾಯಿ ಬಿಡುತ್ತದೆ?

ಬೆರಳಚ್ಚಿನ ದಿನ ಇರಲಿ. ಪೌಡರ್ ಉದುರಿಸಿ, ಬ್ರಶ್ ಆಡಿಸಿ ಲೋಟದ ಮೇಲಿನ ಗುರುತು ನೋಡೋದು ಮಕ್ಕಳಿಗೆ ಇಷ್ಟ. ಆದರೆ ಅವತ್ತು ನಮ್ಮ ಕೆಜಿಎಫ್ ಕಥೆಯನ್ನೂ ಹೇಳು. 1930ರಲ್ಲಿ ಗಣಿ ಕೆಲಸಗಾರರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಕೂಲಿ ಬಿಟ್ಟರೆ ಒಲೆ ಉರಿಯದ ಮನೆಗಳು ಅವು. ಯಾಕೆ ಬೇಡ ಅಂದಿರಬಹುದು ಅಂತ ಮಕ್ಕಳನ್ನೇ ಕೇಳು. ದೊಡ್ಡ ಮಕ್ಕಳಾದರೆ 2017ರ ಆಗಸ್ಟ್ 24ರ ತೀರ್ಪಿನ ಬಗ್ಗೆಯೂ ಹೇಳಬಹುದು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಹಾಕಿದ ಕೇಸದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಒಪ್ಪಿದರು.

ಗುಪ್ತಲಿಪಿಗೆ ಮಾತ್ರ ಒಂದು ದಿನ ಸಾಲದು, ಎರಡು ದಿನ ಕೊಡು! ಅದು ನಮ್ಮ ಗುಟ್ಟನ್ನು ನಾವು ಕಾಯ್ದುಕೊಳ್ಳೋ ವಿದ್ಯೆ. ನಿನ್ನ ವಾಟ್ಸಾಪ್ ಮಾತು ದಾರಿಯಲ್ಲಿ ಯಾರೂ ಓದದ ಹಾಗೆ ಕಾಯೋದೂ ಅದೇ ವಿದ್ಯೆ. ಇಂಗ್ಲಿಷ್ ಅಕ್ಷರ ಯಾಕೆ ಬೇಕು? ನಮ್ಮ ವರ್ಗೀಯ ವ್ಯಂಜನ 25, ಐದು ಸಾಲು, ಸಾಲಿಗೆ ಐದು. ಸಾಲಿನ ಸಂಖ್ಯೆ ಮೊದಲು, ಅದರಲ್ಲಿ ಎಷ್ಟನೆಯದು ಅನ್ನೋದು ಆಮೇಲೆ. ಕ ಅಂದರೆ 11, ಮ ಅಂದರೆ 55. ‘ಕನಕ’ ಬರೆಯಬೇಕಾದರೆ 11, 45, 11. ಕಾಗುಣಿತಕ್ಕೆ ಏನು ಮಾಡೋದು ಅಂತ ಹೇಳಿಕೊಡಬೇಡ, ಅವರೇ ಜಗಳ ಆಡಿ ಕಂಡುಹಿಡಿಯಲಿ.

ನಾಲ್ಕನೇ ದಿನಕ್ಕೆ ಬದಲು ಬೇಕಲ್ವಾ? ಮಕ್ಕಳನ್ನು ಕ್ಲಾಕ್ ಟವರ್‌ನಿಂದ ಬಸ್ ಸ್ಟ್ಯಾಂಡಿನವರೆಗೆ ನಡೆಸು. ದಾರಿಯಲ್ಲಿ ಕಾಣೋ ಒಂದೊಂದು ಕ್ಯಾಮೆರಾವನ್ನೂ ನಕ್ಷೆಯಲ್ಲಿ ಗುರುತು ಹಾಕಲಿ. ಅಂಗಡಿಯವರನ್ನು ಮರ್ಯಾದೆಯಿಂದ ಕೇಳಲಿ: ಇದನ್ನು ಯಾರು ನೋಡ್ತಾರೆ? ಎಷ್ಟು ದಿನ ಇಟ್ಟುಕೊಳ್ತೀರಿ? ಕಳ್ಳತನ ಆಗಿತ್ತು, ಅದಕ್ಕೇ ಹಾಕಿಸಿದೆ ಅಂತ ಒಬ್ಬರು ಹೇಳಬಹುದು. ಅದನ್ನೂ ಬರೆದುಕೊಳ್ಳಲಿ, ಅದೂ ನಿಜವೇ.

ಗುಪ್ತಲಿಪಿಯ ದಿನ ನಾನೇ ಬೆಳಗಿನ ಬಸ್ಸಿಗೆ ಬರುತ್ತೇನೆ. ಕಾಣದ ಶಾಯಿಗೆ ನಿಂಬೆಹಣ್ಣು ತರುತ್ತೇನೆ. ಕಾಗದ ಕಾಯಿಸೋ ಇಸ್ತ್ರಿ ಪೆಟ್ಟಿಗೆ ಮಾತ್ರ ನಿನ್ನ ಕೈಯಲ್ಲೇ ಇರಲಿ, ಮಕ್ಕಳಿಗೆ ಕೊಡಬೇಡ.

ನಿನ್ನ ಅತ್ತೆ