ಸಾವಿರ ಹಲಗೆ, ಒಂದು ಮಳೆರಾತ್ರಿ, ಹಪ್ಪಳದ ಅಕ್ಕ

ಊರ ಗ್ರಂಥಾಲಯದ ಜಗಲಿಯ ಕರಿಹಲಗೆಯಲ್ಲಿ, ಹಿಂದೆ ಇದೇ ದಿನ ಏನಾಯಿತೆಂದು ನಾವು ದಿನಾ ಬರೆಯುತ್ತೇವೆ. ಸಾವಿರದ ಹಲಗೆಯನ್ನು ನಿನ್ನೆ ಬರೆದು, ರಾತ್ರಿ ಒರೆಸಿಯೂ ಆಯಿತು. ಗ್ರಂಥಾಲಯದ ಜಗಲಿಗೆ ಬಂದು ಓದಿದವರಿಗೆ, ಓದಿ ತಪ್ಪು ಹಿಡಿದವರಿಗೆ, ತಪ್ಪೇ ಇಲ್ಲದಾಗಲೂ ಹಿಡಿದವರಿಗೆ ನಮಸ್ಕಾರ. ಹಲಗೆ ಬೆಳ್ಳಗೆ ತಿರುಗಿದಾಗಲೆಲ್ಲ ತೊಂಡೆಸೊಪ್ಪು, ಇದ್ದಿಲಪುಡಿ ತಿಕ್ಕಿ ಕಪ್ಪು ಮಾಡಿಕೊಟ್ಟ ಏಳನೇ ಕ್ಲಾಸಿನ ಮಕ್ಕಳಿಗೆ, ಪಂಚಾಂಗ ನೋಡಿ ತಿಥಿ ಹೇಳುತ್ತಿದ್ದ ಭಟ್ಟರಿಗೆ, ಡಬ್ಬಗಟ್ಟಲೆ ಚಾಕ್‌ಪೀಸು ತಂದಿಟ್ಟು ಹೆಸರು ಹೇಳಬೇಡಿ ಎಂದವರಿಗೆ ಇದೊಂದೇ ಸಾಲು. ಬೇಜಾರಾಗಬೇಡಿ, ಕಾರಣ ಮುಂದೆ ಗೊತ್ತಾಗುತ್ತದೆ.

ಡ್ರಾಯಿಂಗ್ ಮೇಷ್ಟ್ರಿಗೆ ಮಾತ್ರ ಇನ್ನೊಂದೆರಡು ಮಾತು ಸಲ್ಲಬೇಕು. ನಮ್ಮ ಹಲಗೆ ನಾಲ್ಕಡಿ ಅಗಲ, ಮೂರಡಿ ಎತ್ತರ. ಎದುರಿಗೆ ಬಸ್ಸಿಗೆ ಕಾಯುವವರಿಗೂ ಕಾಣಬೇಕೆಂದರೆ ಅಕ್ಷರ ಒಂದೂವರೆ ಅಂಗುಲಕ್ಕಿಂತ ಕಿರಿದಾಗಬಾರದು, ಒತ್ತಕ್ಷರಕ್ಕೆ ಕೆಳಗೆ ಅಷ್ಟೇ ಜಾಗ ಬಿಡಬೇಕು. ಹಾಗೆ ಲೆಕ್ಕ ಹಾಕಿದರೆ ಸಿಗುವುದು ಹನ್ನೆರಡು ಸಾಲು, ಅರವತ್ತು ಪದ. ಅಷ್ಟರಲ್ಲೇ ದಿನದ ಚರಿತ್ರೆ, ಒಂದು ಚಿಲ್ಲರೆ ಸಂಗತಿ, ಒಂದು ನಗೆ, ಊರಿನ ಯಾವುದಾದರೂ ಮನೆಯಿಂದ ಬಂದ ಒಂದು ನೆನಪು, ಅಂದರೆ ‘ಮನೆಮಾತು’. ಈ ಅಳತೆ ಅವರದು. ಮಳೆಗಾಲದಲ್ಲಿ ಹಲಗೆ ಬೆವರಿ ಅಕ್ಷರ ಮಂಕಾಗುತ್ತಿದ್ದಾಗ ಗೋಡೆಗೂ ಹಲಗೆಗೂ ನಡುವೆ ಒಂದಂಗುಲದ ಮರದ ಚಕ್ಕೆ ಕೊಡಿಸಿದವರೂ ಅವರೇ. ಮೂರು ಲೋಟ ನೀರಿಗೆ ಒಂದು ಲೋಟ ಸಕ್ಕರೆ ಕರಗಿಸಿ ಚಾಕ್‌ಪೀಸನ್ನು ಹತ್ತು ನಿಮಿಷ ನೆನೆಸಿ ಬರೆದರೆ ಬಣ್ಣ ಗಾಢವಾಗುತ್ತದೆ, ಕೈ ತಾಗಿದರೆ ಉದುರುವುದಿಲ್ಲ. ಒರೆಸಲು ಮಾತ್ರ ಒದ್ದೆ ಬಟ್ಟೆ ಬೇಕು. ಸಕ್ಕರೆ ಹೆಚ್ಚಾದ ದಿನ ಇರುವೆಗಳೂ ಸಾಲುಗಟ್ಟಿ ಬಂದು ಹಲಗೆ ಓದುತ್ತವೆ.

ತಾರೀಖಿನ ವಿಷಯದಲ್ಲಿ ನಮ್ಮ ಗುರುಗಳು ನಿವೃತ್ತ ಪೋಸ್ಟ್‌ಮಾಸ್ಟರು. ಹತ್ತು ಪುಸ್ತಕದಲ್ಲಿ ಒಂದೇ ತಾರೀಖು ಇದ್ದರೆ ಹತ್ತು ಸಾಕ್ಷಿಯಲ್ಲ, ಒಂದನ್ನು ನೋಡಿ ಒಂಬತ್ತು ಜನ ಬರೆದಿರಬಹುದು ಎಂದು ಮೊದಲ ವಾರವೇ ಹೇಳಿದ್ದರು. ‘1956ರ ನವೆಂಬರ್ 1ರಂದು ಕರ್ನಾಟಕ ರಾಜ್ಯ ಹುಟ್ಟಿತು’ ಎಂದು ಬರೆದ ದಿನ ಬೆಳಿಗ್ಗೆ ಏಳಕ್ಕೇ ಬಂದು ನಿಂತಿದ್ದರು. ಅಂದು ಒಂದಾದದ್ದು ಮೈಸೂರು ಎಂಬ ಹೆಸರಿನ ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ದಿನ ಒಂದೇ, ನಡುವೆ ಹದಿನೇಳು ವರ್ಷ. ವಿಶ್ವೇಶ್ವರಯ್ಯನವರಿಗೆ ಸೆಪ್ಟೆಂಬರ್ 15 ಎನ್ನುವುದಕ್ಕೆ ಯಾರ ತಕರಾರೂ ಇಲ್ಲ, ವರ್ಷ ಮಾತ್ರ 1860 ಎಂದೂ 1861 ಎಂದೂ ಅಚ್ಚಾಗಿದೆ. ಅಂಥ ಕಡೆ ದಿನವನ್ನಷ್ಟೇ ಬರೆಯುವುದು ಕ್ಷೇಮ. ಮಾಸ್ತಿಯವರದು ಅಚ್ಚಿನ ತಪ್ಪೆಂದು ಒಬ್ಬರು ಒರೆಸಿಯೇ ಬಿಟ್ಟಿದ್ದರು, ಆದರೆ ಅದು ಸರಿ: ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6.

ಪರದೇಶದವರ ತಾರೀಖಿನಲ್ಲಿ ಬೇರೆಯೇ ಗುಂಡಿ. ನ್ಯೂಟನ್ ಹುಟ್ಟಿದ್ದು ಕ್ರಿಸ್‌ಮಸ್ ದಿನ ಎಂದರೂ ಸರಿ, ಜನವರಿ 4 ಎಂದರೂ ಸರಿ. ಇಂಗ್ಲೆಂಡು ಆಗ ಇನ್ನೂ ಹಳೆಯ ಕ್ಯಾಲೆಂಡರಿನಲ್ಲಿತ್ತು. ಅಲ್ಲಿ 1642ರ ಡಿಸೆಂಬರ್ 25, ಹೊಸ ಲೆಕ್ಕದಲ್ಲಿ 1643ರ ಜನವರಿ 4. ಬ್ರಿಟನ್ ಹೊಸದಕ್ಕೆ ಬಂದದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನವನ್ನೇ 14 ಎಂದು ಕರೆದು. ಅದಕ್ಕಿಂತ ಹಿಂದಿನ ಇಂಗ್ಲಿಷ್ ದಾಖಲೆ ಸಿಕ್ಕರೆ ಯಾವ ಲೆಕ್ಕದ ತಾರೀಖು ಎಂದು ಕೇಳಿಯೇ ಚಾಕ್ ಹಿಡಿಯಬೇಕು. ನಮ್ಮ ಶಾಸನಗಳಲ್ಲಿ ಶಕವರ್ಷಕ್ಕೆ 78 ಕೂಡಿಸುವುದು ಎಲ್ಲರಿಗೂ ಗೊತ್ತು, ಬಾದಾಮಿಯ ಬಂಡೆಶಾಸನದ ಶಕ 465 ಹಾಗೆ 543 ಆಗುತ್ತದೆ. ಮಾಘ, ಫಾಲ್ಗುಣದ ಶಾಸನವಾದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ, 79 ಕೂಡಿಸಬೇಕು. ಇದನ್ನು ಮರೆತು ನಾವು ಎರಡು ಸಲ ಒಂದು ವರ್ಷ ಹಿಂದೆ ಬಿದ್ದೆವು.

ನಗೆಯ ಸಾಲಿಗೆ ಒಂದೇ ಕಟ್ಟಳೆ: ಜೋರಾಗಿ ಓದಿ ನೋಡಬೇಕು, ವಿವರಿಸಬೇಕಾಗಿ ಬಂದರೆ ತೆಗೆಯಬೇಕು. ಎಲ್ಲರೂ ಒಪ್ಪಿದ್ದು ಫೆಬ್ರವರಿ 29ರ ಹಲಗೆ. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಆ ದಿನ. 1900 ನೂರರಿಂದ ಭಾಗವಾಗಿ 400ರಿಂದ ಆಗದ ಕಾರಣ ಅಧಿಕ ವರ್ಷವಲ್ಲ, ಹೀಗಾಗಿ ಅವರ ಮೊದಲ ಹುಟ್ಟುಹಬ್ಬ ಬಂದದ್ದು 1904ರಲ್ಲಿ. ಎಂಟು ವರ್ಷದ ಮಗುವಿಗೆ ಮೊದಲ ವರ್ಷದ ಹೋಳಿಗೆ. ಯಾರದಾದರೂ ತಿಥಿಯ ಮನೆಮಾತು ಇರುವ ದಿನ ನಗೆಯ ಸಾಲು ಬಿಡುತ್ತೇವೆ. ಒಮ್ಮೆ ಎರಡೂ ಅಕ್ಕಪಕ್ಕ ಬಿದ್ದು ಆ ಮನೆಯವರಿಗೆ ನೋವಾಗಿತ್ತು. ಅವರು ಬೈಯದೆ ಸುಮ್ಮನೆ ಹೋದರು. ಅದಕ್ಕೂ ಋಣಿ.

ಇನ್ನು ಮನೆಮಾತಿನ ಚೀಟಿಗಳು. ಅಜ್ಜಿ ಹೇಳಿದ್ದು, ಅಪ್ಪ ಮಾಡಿದ್ದು, ಮದುವೆಯಲ್ಲಿ ಪಾಯಸ ಸೀದದ್ದು ಎಲ್ಲವನ್ನೂ ನೀವು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಿದ್ದಿರಿ. ತಾರೀಖು ಹೊಂದಿಸುವುದು ಇಲ್ಲಿಯೇ ಕಷ್ಟ. ಹಳಬರ ಪೈಕಿ ಎಷ್ಟೋ ಜನ ಜೂನ್ 1ಕ್ಕೆ ಹುಟ್ಟಿದವರು, ಹೆರಿಗೆ ಮಾಡಿಸಿದ್ದು ಶಾಲೆಗೆ ಸೇರಿಸಿಕೊಂಡ ಹೆಡ್‌ಮಾಸ್ಟರು! ‘ರಕ್ತಾಕ್ಷಿಯ ಶ್ರಾವಣದಲ್ಲಿ’ ಎಂದು ಬರೆದವರು ಅದಕ್ಕಿಂತ ಎಷ್ಟೋ ವಾಸಿ. ಅರವತ್ತು ಸಂವತ್ಸರಗಳ ಸುತ್ತಿನಲ್ಲಿ ಮೊದಲನೆಯದಾದ ಪ್ರಭವ 1927ಕ್ಕೆ ಮತ್ತು 1987ಕ್ಕೆ ಶುರುವಾಯಿತೆಂದು ನೆನಪಿಟ್ಟರೆ ಸಾಕು. ರಕ್ತಾಕ್ಷಿ ಐವತ್ತೆಂಟನೆಯದು, 1927ಕ್ಕೆ 57 ಕೂಡಿಸಿದರೆ 1984, ಅರವತ್ತು ಕಳೆದರೆ 1924. ಎರಡರಲ್ಲಿ ಯಾವುದೆಂದು ಅಜ್ಜಿಯ ಮೊಮ್ಮಗನ ವಯಸ್ಸೇ ಹೇಳುತ್ತದೆ.

ಗ್ರಂಥಾಲಯದೊಳಗೆ ನೀರು ಬಂದ ಆ ಮಳೆಯ ರಾತ್ರಿ ಏನಾಯಿತೆಂದು ಊರಿಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಎಲ್ಲರೂ ಕಪಾಟಿನ ಪುಸ್ತಕ ಹೊತ್ತು ಓಡುತ್ತಿದ್ದಾಗ ಹಪ್ಪಳದ ಅಕ್ಕ ನೆಲದ ಮೇಲಿನ ಮೂರು ರಟ್ಟಿನ ಡಬ್ಬಗಳ ಮುಂದೆ ಕೂತುಬಿಟ್ಟರು. ‘ಪುಸ್ತಕ ಪ್ಯಾಟೇಲಿ ಸಿಗತ್ತೆ. ಇದೆಲ್ಲಿ ಸಿಗತ್ತೆ?’ ಎಂದರು. ಆರುನೂರಕ್ಕೂ ಹೆಚ್ಚು ಚೀಟಿ, ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಬಿಡಿಸಲು ಕೈ ಹಾಕಿದವರಿಗೆಲ್ಲ ಗದರಿದರು. ನೆಂದ ಕಾಗದಕ್ಕೆ ತನ್ನ ಭಾರ ಹೊರುವ ಶಕ್ತಿಯೂ ಇರುವುದಿಲ್ಲ, ಉಗುರು ತಾಗಿದರೂ ಹರಿಯುತ್ತದೆ.

ಅವರು ಮಾಡಿದ್ದು ದಿನಾ ಮಾಡುವ ಕೆಲಸವನ್ನೇ. ಒತ್ತಿದ ಹಪ್ಪಳವನ್ನು ಯಾರೂ ಬೆರಳಿನಿಂದ ಎತ್ತುವುದಿಲ್ಲ. ಪ್ಲಾಸ್ಟಿಕ್ ಹಾಳೆ ಸಮೇತ ಎತ್ತಿ, ಬಟ್ಟೆಯ ಮೇಲೆ ಮಗುಚಿ, ಅಂಗೈಯಿಂದ ಒತ್ತಿ, ಆಮೇಲೆ ಹಾಳೆಯನ್ನು ಒಂದು ಮೂಲೆಯಿಂದ ಸುಲಿಯುತ್ತಾರೆ. ಚೀಟಿಗೂ ಅದೇ. ಕಟ್ಟಿನ ಮೇಲೆ ಪ್ಲಾಸ್ಟಿಕ್ ಇಟ್ಟು ಮೆಲ್ಲಗೆ ಸವರಿದರೆ ಮೇಲಿನ ಚೀಟಿ ಅದಕ್ಕೆ ಅಂಟುತ್ತದೆ, ಎತ್ತಿದರೆ ಒಂದೇ ಒಂದು ಬರುತ್ತದೆ. ಅದನ್ನು ಹಳೆಯ ಪಂಚೆಯ ಮೇಲೆ ಮಗುಚುವುದು. ನ್ಯೂಸ್‌ಪೇಪರು ತಂದವರನ್ನು ವಾಪಸು ಕಳಿಸಿದರು, ಅದರ ಮಸಿ ಚೀಟಿಗೆ ಹತ್ತುತ್ತದೆ. ಇಸ್ತ್ರಿಪೆಟ್ಟಿಗೆ ತಂದವರನ್ನೂ. ಹಸಿಯಿರುವಾಗ ಕಾಯಿಸಿದರೆ ಕಾಗದ ಸುರುಟಿಕೊಳ್ಳುತ್ತದೆ, ಶಾಯಿ ಇನ್ನಷ್ಟು ಹರಡುತ್ತದೆ.

ಕರೆಂಟಿಲ್ಲ, ಫ್ಯಾನಿಲ್ಲ, ಹೊರಗಿನ ಗಾಳಿ ಬಟ್ಟೆ ಹಿಂಡುವಷ್ಟು ಒದ್ದೆ. ಚೀಟಿಗಳನ್ನು ತಮ್ಮ ಮನೆಗೇ ಹೊರಿಸಿಕೊಂಡು ಹೋದರು. ಮಳೆಗಾಲದಲ್ಲಿ ಹಪ್ಪಳ ಒಣಗಿಸುವ ಕೋಣೆ ಅದು: ಬಿದಿರ ತಟ್ಟಿಗಳು ಮೂರು ಅಂತಸ್ತು, ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಸೂರಿನಡಿಯ ಗವಾಕ್ಷಿ ಪೂರ್ತಿ ತೆರೆದದ್ದು. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ ಎರಡರಷ್ಟು ತೇವ ಹಿಡಿಯಬಲ್ಲದು. ಆ ತೇವ ಹೊರಗೆ ಹೋಗದಿದ್ದರೆ ಎಷ್ಟು ಕೆಂಡ ಹಾಕಿದರೂ ವ್ಯರ್ಥ. ಗವಾಕ್ಷಿ ಮುಚ್ಚಿದರೆ ಕೆಂಡದ ವಿಷಗಾಳಿಗೆ ಕೋಣೆಯಲ್ಲಿದ್ದವರು ಏಳುವುದೂ ಇಲ್ಲ. ಗಂಟೆಗೊಮ್ಮೆ ಪಂಚೆ ಬದಲಿಸಿ, ಎರಡು ಗಂಟೆಗೊಮ್ಮೆ ಚೀಟಿ ಮಗುಚಿ, ಬೆಳಗಿನ ಜಾವಕ್ಕೆ ಇನ್ನೂರೈವತ್ತು ಆಗಿದ್ದವು. ಒದ್ದೆ ಕಾಗದಕ್ಕೆ ಎರಡು ದಿನದಲ್ಲಿ ಬೂಸಲು ಹಿಡಿಯುತ್ತದೆ, ಉಳಿದದ್ದು ಅಷ್ಟರೊಳಗೆ ಮುಗಿಯುವಂತಿರಲಿಲ್ಲ. ಜನರೇಟರ್ ಇದ್ದ ಐಸ್‌ಕ್ರೀಮ್ ಅಂಗಡಿಯವರು ಫ್ರೀಜರಿನ ಅರ್ಧ ಖಾಲಿ ಮಾಡಿಕೊಟ್ಟರು. ಹೆಪ್ಪುಗಟ್ಟಿದ ಕಾಗದಕ್ಕೆ ಬೂಸಲಿಲ್ಲ, ಶಾಯಿಯೂ ಓಡುವುದಿಲ್ಲ. ಹೀಗೆ ಊರಿನ ಅಜ್ಜಿಯರೆಲ್ಲ ಹನ್ನೊಂದು ದಿನ ಕುಲ್ಫಿಯ ಪಕ್ಕ ಮಲಗಿದ್ದರು. ದಿನಕ್ಕೊಂದು ಕಟ್ಟು ತೆಗೆದು, ತಾನಾಗಿ ಕರಗಲು ಬಿಟ್ಟು, ಅಕ್ಕ ಒಣಗಿಸಿದರು. ಮುಕ್ಕಾಲು ಒಣಗಿದ ಮೇಲೆ ಲಟ್ಟಣಿಗೆ ಮಣೆಯಡಿ ಇಟ್ಟು ಚಪ್ಪಟೆ ಮಾಡಿದರು. ಆ ಹನ್ನೊಂದು ದಿನ ಅವರ ತಟ್ಟಿಯ ಮೇಲೆ ಒಂದು ಹಪ್ಪಳವೂ ಬೀಳಲಿಲ್ಲ. ದುಡ್ಡಿನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು.

ಪೆನ್ಸಿಲಿನಲ್ಲಿ ಬರೆದವೆಲ್ಲ ಉಳಿದವು. ಬಾಲ್‌ಪೆನ್ನಿನವೂ ಉಳಿದವು, ಅದರ ಮಸಿ ಎಣ್ಣೆಯದು. ಜೆಲ್ ಪೆನ್ನು, ಸ್ಕೆಚ್ ಪೆನ್ನು, ಶಾಯಿ ಪೆನ್ನು ಕೈಬಿಟ್ಟವು. ಹಳೆಯ ಮೇಷ್ಟ್ರು ತಮ್ಮ ತಾಯಿಯ ಬಗ್ಗೆ ಬರೆದುಕೊಟ್ಟ ಚೀಟಿ ಶಾಯಿಯದು. ಮೇಷ್ಟ್ರು ಆ ಬೇಸಿಗೆಯಲ್ಲೇ ತೀರಿಹೋಗಿದ್ದರು, ಸರದಿ ಬರಲೆಂದು ಚೀಟಿಯನ್ನು ನಾವು ಇನ್ನೂ ಹಲಗೆಗೆ ಬರೆದಿರಲಿಲ್ಲ. ತಟ್ಟಿಯ ಮೇಲೆ ಬಿಡಿಸಿದಾಗ ಇದ್ದದ್ದು ಒಂದು ನೀಲಿ ಕಲೆ. ತಪ್ಪು ಮಳೆಯದಲ್ಲ, ನಮ್ಮದು. ಬಂದ ದಿನವೇ ನಕಲು ಮಾಡಿಕೊಂಡಿದ್ದರೆ ಒಬ್ಬ ತಾಯಿ ಉಳಿಯುತ್ತಿದ್ದಳು. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತಿಲ್ಲ. ಅಕ್ಕ ಏನೂ ಹೇಳಲಿಲ್ಲ. ಓದಲು ಏನೂ ಇಲ್ಲದ ಆ ಚೀಟಿಯನ್ನೂ ಉಳಿದವುಗಳಷ್ಟೇ ಸಲ ಮಗುಚಿ, ಪಂಚೆ ಬದಲಿಸಿ, ಒಣಗಿಸಿ ಕೊಟ್ಟರು.

ಈಗ ಚೀಟಿ ಬಂದ ಸಂಜೆಯೇ ರಿಜಿಸ್ಟರಿನಲ್ಲಿ ಬಾಲ್‌ಪೆನ್ನಿನಿಂದ ನಕಲಾಗುತ್ತದೆ, ನಂಬರು ಬೀಳುತ್ತದೆ, ಫೋಟೊ ಎರಡು ಮನೆಯಲ್ಲಿರುತ್ತದೆ. ಕೂಡಿಡಲು ರಟ್ಟಿನ ಡಬ್ಬಗಳ ಬದಲು ತಗಡಿನ ಟ್ರಂಕು, ಟ್ರಂಕಿನಡಿ ಎರಡು ಸಾಲು ಇಟ್ಟಿಗೆ. ಚೀಟಿ ಹಾಕುವ ಡಬ್ಬದ ಪಕ್ಕ ದಾರ ಕಟ್ಟಿದ ಪೆನ್ಸಿಲ್ ನೇತಾಡುತ್ತಿದೆ, ದಯವಿಟ್ಟು ಅದರಲ್ಲೇ ಬರೆಯಿರಿ.

ಮೇಷ್ಟ್ರು ತಮ್ಮ ತಾಯಿಯ ಆ ಸಂಗತಿಯನ್ನು ಕ್ಲಾಸಿನಲ್ಲಿ ಹೇಳಿದ್ದು ಕೇಳಿದವರು ಯಾರಾದರೂ ಇದ್ದರೆ, ನಾಲ್ಕು ಸಾಲು ನೆನಪಿದ್ದರೂ ಸಾಕು, ತಂದುಕೊಡಿ. ನಾಳೆಯ ಹಲಗೆಯಲ್ಲಿ ಮನೆಮಾತಿನ ಜಾಗ ಖಾಲಿ ಇಟ್ಟಿದ್ದೇವೆ.