ಜಿಂಕೆ ಬೇಟೆಗೆ ತೋಟಾ ಆಯ್ಕೆ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಮಕ್ಕಳನ್ನು ನೋಡಲು ಅಮೆರಿಕ, ಇಂಗ್ಲೆಂಡಿಗೆ ಹೊರಟಿರುವ ಪುಣೆಯ ಕೆಲವು ಸದಸ್ಯರು, ಅಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಗೆ ಹೋಗುವಾಗ ಎಂಥ ತೋಟಾ ಬಳಸಬೇಕೆಂದು ಕೇಳಿದ್ದಾರೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ ಬೇಟೆ ಅಪರಾಧವಾದ್ದರಿಂದ ಇಲ್ಲಿಯ ಕಾಡುಗಳ ಮಾತು ಈ ಗುಂಪಿನಲ್ಲಿ ಬೇಡ.

ಕ್ಯಾಲಿಬರ್‌ಗಿಂತ, ಅಂದರೆ ಗುಂಡಿನ ವ್ಯಾಸಕ್ಕಿಂತ, ಅದರ ರಚನೆಯೇ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಪೂರ್ತಿ ಲೋಹಕವಚದ ಗುಂಡು ಹಿಗ್ಗದೆ ದೇಹವನ್ನು ತೂರಿ ಹೋಗುವುದರಿಂದ, ಗಾಯಗೊಂಡ ಪ್ರಾಣಿ ಓಡಿಹೋಗಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುವ ಸಂಭವವಿದೆ. ತುದಿಯಲ್ಲಿ ಬೂದುಬಣ್ಣದ ಸೀಸ ಕಾಣುವ ಸಾಫ್ಟ್ ಪಾಯಿಂಟ್ ಗುಂಡು ಒಳಹೊಕ್ಕೊಡನೆ ಅಣಬೆಯಂತೆ ಅರಳುತ್ತದೆ. ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗಕ್ಕೆ ಸರಿಯಾಗಿ ಬಿದ್ದರೆ ಸಾವು ಬೇಗ ಬರುತ್ತದೆ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯೂ ಹಿಗ್ಗುವ ಗುಂಡನ್ನೇ ಬಯಸುತ್ತದೆ, ಸಾಮಾನ್ಯವಾಗಿ .240 ಇಂಚಿಗಿಂತ ಚಿಕ್ಕ ಕ್ಯಾಲಿಬರ್‌ ಅಲ್ಲಿ ಸಲ್ಲದು.

.308 ವಿಂಚೆಸ್ಟರ್ ಎಂಬ ತೋಟಾ ಬಳಸುವ ರೈಫಲ್ಲಿಗೆ 150 ಅಥವಾ 165 ಗ್ರೇನ್ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ತೂಕದ ಗುಂಡು ಸಾಕು. ಹಿನ್ನೊದೆತ ತಡೆಯಲಾಗದವರಿಗೆ .243 ವಿಂಚೆಸ್ಟರ್‌ನಲ್ಲಿ 100 ಗ್ರೇನಿನದು ಒಳ್ಳೆಯದು. ನಾವು ಗುರಿ ಅಭ್ಯಾಸದ ರೇಂಜಿನಲ್ಲಿ ಬಳಸುವ .22 ತೋಟಾ ಜಿಂಕೆಗೆ ಎಷ್ಟು ಮಾತ್ರಕ್ಕೂ ತಕ್ಕದ್ದಲ್ಲ. ಗುಂಡಿನ ತೂಕ ಅಥವಾ ತಯಾರಿಕೆ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಆದ್ದರಿಂದ ಬೇಟೆಗೆ ಒಯ್ಯುವ ತೋಟಾದಿಂದಲೇ ರೈಫಲ್ಲನ್ನು 100 ಗಜ ದೂರದ ಗುರಿಗೆ ಹೊಂದಿಸಿಕೊಳ್ಳಿ. ಮಾಂಸವನ್ನು ಮನೆಯವರು ತಿನ್ನುವುದಾದರೆ, ಸೀಸದ ಸಣ್ಣ ಚೂರುಗಳು ಗಾಯದ ಸುತ್ತ ಹರಡುವುದರಿಂದ, ಬರಿ ತಾಮ್ರದ ಗುಂಡನ್ನು ಆರಿಸುವುದು ಲೇಸು.

ಹಿಂತಿರುಗುವ ಮುನ್ನ ಜಾಕೆಟ್ ಮತ್ತು ಚೀಲಗಳ ಜೇಬುಗಳನ್ನೆಲ್ಲ ತಡಕಿ ನೋಡಿ. ವಿಮಾನ ನಿಲ್ದಾಣದಲ್ಲಿ ಒಂದೇ ಒಂದು ಜೀವಂತ ತೋಟಾ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ಹೂಡಬಹುದು.