ಒಂದೇ ಹೆಸರಿನ ಎರಡು ಪತ್ರಿಕೆ

ಮಾನ್ಯರೇ,

ಲಂಡನ್ನಿನ ‘ಟ್ಯಾಟ್ಲರ್’ ಪತ್ರಿಕೆ 1709ರಿಂದ ಇಂದಿನವರೆಗೂ ಅವಿಚ್ಛಿನ್ನವಾಗಿ ನಡೆದುಬಂದಿದೆ ಎಂಬ ಮಾತು ತಮ್ಮ ಭಾನುವಾರದ ಪುರವಣಿಯ ಲೇಖನದಲ್ಲಿದೆ. ಅದು ಸರಿಯಲ್ಲ. ಪ್ರಬಂಧಕಾರ ರಿಚರ್ಡ್ ಸ್ಟೀಲ್ 1709ರ ಏಪ್ರಿಲ್ 12ರಂದು ಆರಂಭಿಸಿದ ಟ್ಯಾಟ್ಲರ್ 1711ರ ಜನವರಿಯಲ್ಲೇ ನಿಂತಿತು. ಈಗ ಹೊರಬರುತ್ತಿರುವುದು ಕ್ಲೆಮೆಂಟ್ ಶಾರ್ಟರ್ 1901ರಲ್ಲಿ ಆ ಹಳೆಯ ಹೆಸರನ್ನೇ ಇಟ್ಟು ಶುರುಮಾಡಿದ, ಸಿರಿವಂತ ಸಮಾಜದ ಸುದ್ದಿ ಕೊಡುವ ಬೇರೆಯೇ ಪತ್ರಿಕೆ.

ಬರೀ ಹೆಸರಿನ ಗೊಂದಲವಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಎರಡನ್ನೂ ಒಂದೇ ಎಂದುಕೊಂಡರೆ ಸ್ಟೀಲರೂ ಸಿರಿವಂತರ ಔತಣಕೂಟಗಳ ವರದಿಗಾರರಾಗಿದ್ದರೆಂಬ ಭಾವನೆ ಓದುಗರಲ್ಲಿ ಉಳಿದುಬಿಡುತ್ತದೆ. ಅವರ ಪತ್ರಿಕೆ ಎಂದರೆ ಎರಡೂ ಮಗ್ಗುಲಲ್ಲಿ ಅಚ್ಚಾದ ಒಂದೇ ಹಾಳೆ. ವಾರಕ್ಕೆ ಮೂರು ಸಲ ಬರುತ್ತಿತ್ತು, ಬೆಲೆ ಒಂದು ಪೆನ್ನಿ. ಬರಹಗಳ ನೆತ್ತಿಯ ಮೇಲೆ ಲಂಡನ್ನಿನ ಕಾಫಿ ಮನೆಗಳ ಹೆಸರಿರುತ್ತಿತ್ತು: ಕಾವ್ಯದ ಮಾತು ‘ವಿಲ್ಸ್’ನಿಂದ, ವಿದ್ವತ್ತಿನದು ‘ಗ್ರೀಷಿಯನ್’ನಿಂದ, ದೇಶವಿದೇಶಗಳ ಸುದ್ದಿ ‘ಸೇಂಟ್ ಜೇಮ್ಸ್’ನಿಂದ, ಪ್ರಣಯ ವಿನೋದಗಳು ‘ವೈಟ್ಸ್’ ಚಾಕೊಲೇಟ್ ಮನೆಯಿಂದ. ಜೂಜು, ದ್ವಂದ್ವಯುದ್ಧ, ಉಡುಪಿನ ಆಡಂಬರಗಳನ್ನು ಐಸಾಕ್ ಬಿಕರ್‌ಸ್ಟಾಫ್ ಎಂಬ ಕಲ್ಪಿತ ಮುದುಕನ ಬಾಯಿಂದ ತಿದ್ದಿಸುವುದೇ ಸ್ಟೀಲರ ಉದ್ದೇಶವಾಗಿತ್ತು.

ಈ ಎರಡು ಪತ್ರಿಕೆಗಳ ನಡುವಿನ ಕಾಲವನ್ನು ಲೇಖನ ಪೂರ್ತಿ ಬಿಟ್ಟಿರುವುದು ನನಗೆ ಇನ್ನೂ ಹೆಚ್ಚಿನ ಕೊರತೆಯಾಗಿ ಕಂಡಿತು. ಪತ್ರಿಕೆಗಳ ಮೇಲೆ 1712ರಲ್ಲಿ ಬಂದ ಸ್ಟ್ಯಾಂಪ್ ತೆರಿಗೆ 1855ರಲ್ಲಿ, ಕಾಗದದ ಮೇಲಿನ ಸುಂಕ 1861ರಲ್ಲಿ ರದ್ದಾದ ಮೇಲೆ ಪತ್ರಿಕೆ ನಡೆಸುವುದು ಅಗ್ಗವಾಯಿತು. ಥಾಮಸ್ ಗಿಬ್ಸನ್ ಬೌಲ್ಸ್ 1868ರಲ್ಲಿ ‘ವ್ಯಾನಿಟಿ ಫೇರ್’ ಎಂಬ ವಾರಪತ್ರಿಕೆ ಹೊರತಂದರು. ಮರುವರ್ಷದ ಜನವರಿಯಲ್ಲಿ ಬ್ರಿಟಿಷ್ ರಾಜಕಾರಣಿ ಡಿಸ್ರೇಲಿಯವರ ಬಣ್ಣದ ವ್ಯಂಗ್ಯಚಿತ್ರ ಅಚ್ಚಾದಂದಿನಿಂದ, ಅದರಲ್ಲಿ ಚಿತ್ರಿತರಾಗುವುದೇ ಒಂದು ಗೌರವವೆನಿಸಿತು. ‘ಸ್ಪೈ’ ಎಂಬ ಹೆಸರಿನಲ್ಲಿ ಅದಕ್ಕೆ ಚಿತ್ರ ಬರೆಯುತ್ತಿದ್ದ ಲೆಸ್ಲಿ ವಾರ್ಡ್ 1897ರಲ್ಲಿ ನಮ್ಮ ಕ್ರಿಕೆಟಿಗ ರಣಜಿತ್‌ಸಿಂಹಜಿಯವರನ್ನೂ ಚಿತ್ರಿಸಿದ್ದಾರೆ. ಅದೇ ಮಾಲೆಯ ನ್ಯಾಯಾಧೀಶರೊಬ್ಬರ ಚಿತ್ರವನ್ನು ಬೆಂಗಳೂರಿನ ಹಿರಿಯ ವಕೀಲರೊಬ್ಬರ ಕೊಠಡಿಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದನ್ನು ಕಂಡಿದ್ದೇನೆ. ಅಂಚು ಹಳದಿಯಾಗಿದ್ದರೂ ನಿಲುವಂಗಿಯ ಕೆಂಪು ಮಾಸಿರಲಿಲ್ಲ. ಇಂಥ ಚಿತ್ರಗಳ ಜಾಗಕ್ಕೆ ಹಾಫ್‌ಟೋನ್ ಅಚ್ಚಿನ, ಎಂದರೆ ಸಣ್ಣ ಚುಕ್ಕೆಗಳಲ್ಲಿ ಛಾಯೆ ಮೂಡಿಸುವ ಅಚ್ಚಿನ, ಛಾಯಾಚಿತ್ರಗಳು ಬರತೊಡಗಿದ ಹೊತ್ತಿನಲ್ಲಿ ಹುಟ್ಟಿದ್ದು ಶಾರ್ಟರರ ಟ್ಯಾಟ್ಲರ್.

ತಿದ್ದುಪಡಿಯನ್ನು ಮುಂದಿನ ಪುರವಣಿಯಲ್ಲೇ ಪ್ರಕಟಿಸಬೇಕೆಂದೂ, ಬಿಟ್ಟುಹೋದ ಆ ಕಾಲದ ಬಗ್ಗೆ ಅದೇ ಲೇಖಕರಿಂದ ಇನ್ನೊಂದು ಲೇಖನ ಬರೆಸಬೇಕೆಂದೂ ವಿನಂತಿಸುತ್ತೇನೆ.

— ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಮೈಸೂರು